ಕಾರ್ಪಥೋಸ್‌ಗೆ ಐದು ನಿಮಿಷ

ನಮ್ಮ ಕಾಸೋಸ್ ದ್ವೀಪದ ವಿಮಾನ ನಿಲ್ದಾಣದಿಂದ ಎದುರಿನ ಕಾರ್ಪಥೋಸ್ ದ್ವೀಪದ ನಿಲ್ದಾಣಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಟಿಕೆಟ್ಟಿನಲ್ಲಿ ಕಾಲು ಗಂಟೆ ಎಂದು ಬರೆದಿರುತ್ತಾರೆ. ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಬೇಕಾಗುವುದು ಐದೇ ನಿಮಿಷ. ವಿಮಾನ ಮೇಲೇರುವುದು ಮುಗಿಯುವಷ್ಟರಲ್ಲಿ ಇಳಿಯುವುದು ಶುರುವಾಗಿರುತ್ತದೆ. ನಮ್ಮ ಪಾದ್ರಿಗಳು ಇಲ್ಲಿ ಏರಿದಾಗ ಶುರು ಮಾಡಿದ ಪ್ರಾರ್ಥನೆಯನ್ನು ಅಲ್ಲಿ ಟ್ಯಾಕ್ಸಿಯಲ್ಲಿ ಕೂತು ಮುಗಿಸುತ್ತಾರೆ ಎಂದು ನನ್ನ ಕಾಫಿ ಅಂಗಡಿಯಲ್ಲಿ ಗಂಡಸರು ಹೇಳಿಕೊಂಡು ನಗುತ್ತಿದ್ದರು. ಸೆವಾಸ್ತಿ ಆಚೆ ದಡಕ್ಕೆ ಹೋದ ಮೇಲೆ ಆ ಹಾಸ್ಯವನ್ನು ಯಾರೂ ನನ್ನೆದುರು ಆಡಲಿಲ್ಲ.

ಸೆವಾಸ್ತಿ ನನ್ನ ಚಿಕ್ಕಮ್ಮನ ಮಗಳು, ನಾವು ಹೆಣ್ಣುಮಕ್ಕಳಿಬ್ಬರೂ ಒಟ್ಟಿಗೆ ಬೆಳೆದೆವು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವಳ ಮನೆ ಅವಳದೇ. ನಮ್ಮಲ್ಲಿ ಮನೆ ತಾಯಿಯಿಂದ ಹಿರಿಮಗಳಿಗೆ ಬರುತ್ತದೆ, ಗಂಡ ಬಂದು ಸೇರಿಕೊಳ್ಳುತ್ತಾನೆ. ಅಂಗಳಕ್ಕೆ ಕಪ್ಪು ಬಿಳಿ ಬೆಣಚುಕಲ್ಲು ಹಾಸಿದ ಆ ಮನೆಗೆ ನಿಕಿತಾಸ್ ಮದುವೆಯಾಗಿ ಬಂದ, ಬಂದು ಒಂದು ತಿಂಗಳಿಗೆ ಹಡಗು ಹತ್ತಿದ. ಅವನು ಸರಕು ಹಡಗುಗಳ ಎಂಜಿನ್ ಕೋಣೆಯವನು. ಬ್ರೆಜಿಲ್‌ನಿಂದ ಹಾಲೆಂಡ್‌ಗೆ ಎಷ್ಟು ದಿನ, ಜಪಾನಿನಿಂದ ಕೆನಡಾಕ್ಕೆ ಎಷ್ಟು ದಿನ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಮನೆಯಲ್ಲಿ ಎಷ್ಟು ದಿನ ಇರುತ್ತೀಯ ಎಂದು ಕೇಳಿದರೆ ಮಾತ್ರ ಮುಂದಿನ ಹಡಗಿನ ಮಾತು ತೆಗೆಯುತ್ತಿದ್ದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಮಕ್ಕಳಾಗಲಿಲ್ಲ. ಅವನ ಅಪ್ಪ ತೀರಿಕೊಂಡ ಮೇಲೆ ಅವನ ತಾಯಿ ರಿಗೋಪೂಲಾಳನ್ನು ಸೆವಾಸ್ತಿ ತನ್ನ ಮನೆಗೇ ಕರೆತಂದಳು.

ರಿಗೋಪೂಲಾ ಸುಲಭದ ಹೆಂಗಸಲ್ಲ. ದ್ರಾಕ್ಷಿ ಎಲೆಯೊಳಗೆ ಅನ್ನ ತುಂಬಿ ಸೊಸೆ ಸುತ್ತಿದ ಎಲೆಸುತ್ತು ಕಿರುಬೆರಳಿಗಿಂತ ದಪ್ಪವಿದ್ದರೆ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ನಮ್ಮ ಕಡೆ ಅದನ್ನು ಸಣ್ಣಗೆ ಸುತ್ತುವುದೇ ಹೆಣ್ಣಿನ ಜಾಣ್ಮೆ. ಸೆವಾಸ್ತಿ ಎದುರು ಮಾತಾಡುತ್ತಿರಲಿಲ್ಲ. ನನ್ನ ಹತ್ತಿರ ಬಂದು ಒಂದು ಕಾಫಿ ಕುಡಿದು, ಅತ್ತೆಯನ್ನು ಚೆನ್ನಾಗಿ ಬೈದು, ಬಟ್ಟಲು ತೊಳೆದಿಟ್ಟು ಹೋಗುತ್ತಿದ್ದಳು. ಬೈದ ಮೇಲೆ ಅವಳ ನಡಿಗೆಯೇ ಹಗುರಾಗುತ್ತಿತ್ತು.

ಕೊನೆಗೆ ನಿಕಿತಾಸ್ ಹಡಗು ಬಿಟ್ಟು ಬಂದ. ಬಂದವನು ಮೊದಲ ವರ್ಷವೆಲ್ಲ ಮನೆಯೊಳಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವಳ ಹಿಂದೆ ಹಿಂದೆಯೇ ಸುತ್ತಿದ. ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ ಜೋಡಿಸಿದ. ಚೆನ್ನಾಗಿಯೇ ಇದ್ದ ಕಿಟಕಿಗಳಿಗೆ ಬಣ್ಣ ಬಳಿದ. ನಾಲ್ಕು ಆಡು ತಂದ. ಇವನನ್ನು ಯಾರಾದರೂ ಮತ್ತೆ ಹಡಗಿಗೆ ಹಾಕಿ, ನನ್ನ ಅಡುಗೆಮನೆ ನನಗೆ ಕೊಡಿ ಎಂದು ಅವಳು ದೂರುತ್ತಿದ್ದಳು. ದೂರುವಾಗ ಕೆನ್ನೆ ಕೆಂಪಾಗಿರುತ್ತಿತ್ತು. ಅವರು ಎರಡು ಬೇಸಿಗೆಗಳನ್ನು ಪೂರ್ತಿಯಾಗಿ ಒಟ್ಟಿಗೆ ಕಳೆದರು. ಸಂಜೆ ಬಂದರಿನ ಗೋಡೆಯ ಮೇಲೆ ಅಕ್ಕಪಕ್ಕ ಕೂತು ಬೀಜ ಬಿಡಿಸಿಕೊಂಡು ತಿನ್ನುವುದನ್ನು ನನ್ನ ಅಂಗಡಿಯ ಬಾಗಿಲಿನಿಂದ ನೋಡುತ್ತಿದ್ದೆ. ಅರವತ್ತರ ಹತ್ತಿರದ ಗಂಡಹೆಂಡತಿ, ಹೊಸಬರ ಹಾಗೆ ಒಬ್ಬರ ಮಾತಿಗೊಬ್ಬರು ಕಾಯುತ್ತಿದ್ದರು.

ಎರಡನೇ ಬೇಸಿಗೆ ಮುಗಿಯುವಾಗ ಅವಳ ಪಾದ ಊದಿಕೊಂಡಿತು. ಬಿಸಿಲಿಗೆ ಎಂದುಕೊಂಡಳು. ಚಳಿ ಬಂದರೂ ಇಳಿಯಲಿಲ್ಲ. ನಿಕಿತಾಸ್ ಅವಳನ್ನು ದೊಡ್ಡ ಆಸ್ಪತ್ರೆಯಿರುವ ರೋಡ್ಸ್ ದ್ವೀಪಕ್ಕೆ ಕರೆದುಕೊಂಡು ಹೋದ. ಎರಡೂ ಮೂತ್ರಪಿಂಡಗಳು ಕೆಟ್ಟಿವೆ, ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಬೇಕು ಎಂದರು. ಯಂತ್ರ ನಮ್ಮ ದ್ವೀಪದಲ್ಲಿಲ್ಲ, ಎದುರಿನ ಕಾರ್ಪಥೋಸ್‌ನಲ್ಲಿದೆ. ರೋಡ್ಸ್‌ನ ವೈದ್ಯ ಒಳ್ಳೆಯ ಮನುಷ್ಯ. ಫೋನಿನಲ್ಲಿ ನಕ್ಷೆ ತೆಗೆದು, ಎರಡು ನಿಲ್ದಾಣಗಳ ಮಧ್ಯೆ ಬೆರಳಿಟ್ಟು, ಐದು ನಿಮಿಷದ ವಿಮಾನ, ಅಥೆನ್ಸಿನಲ್ಲಿ ಜನ ಬಸ್ಸಿಗೆ ಕಾಯುವುದೇ ಅದಕ್ಕಿಂತ ಹೆಚ್ಚು, ಬೆಳಿಗ್ಗೆ ಹೋಗಿ ಸಂಜೆ ಬನ್ನಿ ಎಂದು ಧೈರ್ಯ ಹೇಳಿದರಂತೆ. ನಿಕಿತಾಸ್ ಅವರಿಗೆ ಬಿಡಿಸಿ ಹೇಳಿದ. ವಿಮಾನ ರೋಡ್ಸ್‌ನಿಂದ ಹೊರಟು, ಕಾರ್ಪಥೋಸ್ ಮುಟ್ಟಿ, ನಮ್ಮಲ್ಲಿಗೆ ಬಂದು, ಕ್ರೀಟ್‌ಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಎಲ್ಲ ದಿನ ಬರುವುದಿಲ್ಲ. ಬರುವ ದಿನವೂ ನಮ್ಮ ಚಿಕ್ಕ ಓಡುದಾರಿಯ ಮೇಲೆ ಅಡ್ಡಗಾಳಿ ಬೀಸಿದರೆ ಇಳಿಯದೆ ಹಾಗೇ ಮುಂದೆ ಹೋಗುತ್ತದೆ. ದ್ವೀಪಗಳ ನಡುವೆ ಜನ ಸಾಗಿಸುವ ದೊಡ್ಡ ದೋಣಿಯ ಗತಿಯೂ ಅದೇ. ವೈದ್ಯರು ಫೋನ್ ಕೆಳಗಿಟ್ಟು, ಹಾಗಾದರೆ ಇವರು ಅಲ್ಲೇ ವಾಸ ಮಾಡಬೇಕಾಗುತ್ತದೆ ಎಂದರು.

ಇಬ್ಬರೂ ಹೋಗುವುದೆಂದು ಮೊದಲು ಮಾತಾಯಿತು. ರಿಗೋಪೂಲಾಳನ್ನು ಬಿಟ್ಟು ಹೋಗುವಂತಿಲ್ಲ. ಅವಳಿಗೆ ಆಗ ತೊಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಅವಳನ್ನೂ ಕರೆದೊಯ್ಯಲು ಟಿಕೆಟ್ಟು ತಂದರು. ಮುದುಕಿ ತನ್ನ ಕಪ್ಪು ಚೀಲ ಹಿಡಿದುಕೊಂಡು ಸುಮ್ಮನೆ ಕಾರು ಹತ್ತಿದಳು, ನಿಲ್ದಾಣಕ್ಕೂ ಬಂದಳು. ವಿಮಾನ ಬಂದು ನಿಂತ ಮೇಲೆ ಕುರ್ಚಿಯಿಂದ ಏಳಲೇ ಇಲ್ಲ.

"ಅಮ್ಮಾ, ಐದು ನಿಮಿಷ ಅಷ್ಟೇ," ಎಂದು ನಿಕಿತಾಸ್ ಬಗ್ಗಿ ಹೇಳಿದ.

"ಹೋಗೋಕೆ ಐದು ನಿಮಿಷ ಕಣಪ್ಪ. ಆಮೇಲೆ? ಅಲ್ಲಿ ಸತ್ತರೆ ಪಕ್ಕದ ಗೋರಿಯವರ ಹತ್ರ ಏನು ಮಾತಾಡ್ಲಿ ನಾನು? ಅವರ ಅಪ್ಪ ಯಾರು ಅಜ್ಜ ಯಾರು, ನನಗೇನು ಗೊತ್ತು?"

ಕೌಂಟರಿನ ಹುಡುಗಿ ನಗು ತಡೆಯಲಾಗದೆ ತಿರುಗಿಕೊಂಡಳು. ನಿಕಿತಾಸ್ ಬೇಡಿಕೊಂಡ, ರೇಗಿದ. ಮುದುಕಿ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಕೊನೆಗೆ ಸೆವಾಸ್ತಿಯೇ, ಬಿಡು, ಅವಳನ್ನು ಎತ್ತಿ ಹಾಕೋಕಾಗಲ್ಲ, ನೀನು ಇಲ್ಲಿರು ಎಂದು ತನ್ನ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಒಬ್ಬಳೇ ನಡೆದು ಹೋಗಿ ವಿಮಾನ ಹತ್ತಿದಳು. ಬೇಲಿಯ ಹತ್ತಿರ ನಿಂತಿದ್ದ ನಿಕಿತಾಸ್‌ಗೆ ಅದು ಏರುವುದೂ, ಆಚೆ ದ್ವೀಪದ ತುದಿಯಲ್ಲಿ ಮಿಂಚುತ್ತ ಇಳಿಯುವುದೂ ಎರಡೂ ಕಂಡವು. ಹಿಂದೆ ಬಂದು ಕಾರಿನಲ್ಲಿ ತಾಯಿಯ ಪಕ್ಕ ಕೂತ. ಸೊಸೆ ತಲುಪಿದಳೇನೋ ಎಂದು ರಿಗೋಪೂಲಾ ಕೇಳಿದಳು. ತಲುಪಿದಳು ಎಂದ.

ಆಸ್ಪತ್ರೆ ಇರುವುದು ಕಾರ್ಪಥೋಸ್‌ನ ಪೂರ್ವಕ್ಕೆ, ಪಿಗಾಡಿಯಾ ಪೇಟೆಯಲ್ಲಿ. ಅಲ್ಲಿಂದ ನಮ್ಮ ದ್ವೀಪ ಕಾಣುವುದಿಲ್ಲ. ಅದಕ್ಕೇ ಸೆವಾಸ್ತಿ ಪಶ್ಚಿಮದ ಅರ್ಕಾಸಾ ಊರಿನಲ್ಲಿ ಥಿಯೋಪಿ ಎಂಬ ವಿಧವೆಯ ಮನೆಯ ಮೇಲಿನ ಕೋಣೆ ಹಿಡಿದಳು. ವಾರಕ್ಕೆ ಮೂರು ಸಲ ಬೆಟ್ಟ ದಾಟಿ ಹೋಗಿಬರುವ ಕಷ್ಟವಿದ್ದರೂ ಕೋಣೆಯ ಮುಂದಿನ ಜಗುಲಿಯಿಂದ ಕಾಸೋಸ್ ಕಾಣುತ್ತಿತ್ತು. ರಾತ್ರಿ ದೀಪ ಹತ್ತಿದಾಗ ಯಾವುದು ಬಂದರು, ಯಾವುದು ಇಗರ್ಜಿ ಎಂದು ಅವಳಿಗೆ ತಿಳಿಯುತ್ತಿತ್ತು. ನಮ್ಮ ಬೀದಿಯದು ಇದೇ ಎಂದು ಒಂದು ದೀಪವನ್ನು ಹಟ ಹಿಡಿದು ತೋರಿಸುತ್ತಿದ್ದಳಂತೆ. ನಮ್ಮ ಬೀದಿ ಗುಡ್ಡದ ಮರೆಯಲ್ಲಿದೆ. ನಾನು ಅದನ್ನು ಅವಳಿಗೆ ಹೇಳಲಿಲ್ಲ.

ವಿಮಾನ ಇದ್ದ ದಿನ, ಗಾಳಿ ಬಿಟ್ಟರೆ, ನಿಕಿತಾಸ್ ಹೋಗುತ್ತಿದ್ದ. ಆಗ ಮುದುಕಿಯ ಹತ್ತಿರ ನಾನು ಮಲಗುತ್ತಿದ್ದೆ. ಹೋಗುವಾಗೆಲ್ಲ ಏನಾದರೂ ಕಟ್ಟಿಕೊಂಡು ಹೋಗುವನು. ಮೊದಲ ಸಲ ಅವನದೇ ಆಡಿನ ಹಾಲನ್ನು ಹುಳಿ ಬರಿಸಿ ಕಾಯಿಸಿದ ಸಿತಾಕಾ ಒಂದು ಜಾಡಿ ಒಯ್ದ. ನಮ್ಮ ದ್ವೀಪದವರು ಶಾವಿಗೆಗೆ ಕಲಸಿಕೊಂಡು ತಿನ್ನುವುದು ಅದನ್ನೇ. ಸೆವಾಸ್ತಿಗೆ ಅದೆಂದರೆ ಜೀವ. ಈಗ ಅವಳಿಗೆ ಹಾಲು ಕೂಡದು, ಗಿಣ್ಣು ಕೂಡದು, ಟೊಮೆಟೊ ಕೂಡದು, ನೀರು ಕೂಡ ಅಳತೆಯಷ್ಟೇ. ಅವಳು ಜಾಡಿಯ ಮುಚ್ಚಳ ತೆಗೆದು ಮೂಸಿ ನೋಡಿ, ಆಡುಗಳಿಗೆ ಈ ಸಲ ಒಳ್ಳೆ ಮೇವು ಸಿಕ್ಕಿದೆ ಎಂದು ಹೇಳಿ ಥಿಯೋಪಿಗೆ ಕೊಟ್ಟುಬಿಟ್ಟಳು. ನಿಕಿತಾಸ್ ನನ್ನ ಅಂಗಡಿಗೆ ಬಂದು ಇದನ್ನು ಹೇಳುವಾಗ ಖಾಲಿ ಜಾಡಿ ಅವನ ಕೈಯಲ್ಲೇ ಇತ್ತು.

ಅವಳು ಅವನನ್ನು ಛೇಡಿಸುತ್ತಿದ್ದಳು. "ಮೂವತ್ತು ವರ್ಷ ನಾನು ದಡದಲ್ಲಿ ಕೂತೆ. ಈಗ ನಿನ್ನ ಸರದಿ. ಕೂತ್ಕೋ," ಎನ್ನುತ್ತಿದ್ದಳು. ಅವನು ನಗುತ್ತಿದ್ದ. ನನ್ನ ಹತ್ತಿರ ಮಾತ್ರ ಒಂದು ಸಲ, ಹಡಗಿನಲ್ಲಿದ್ದಾಗ ನನಗೆ ಇಷ್ಟು ದೂರ ಅನ್ನಿಸಲಿಲ್ಲ ಎಂದ. ಪೆಸಿಫಿಕ್ ಸಾಗರದ ನಡುವೆ ಇದ್ದಾಗ ಮನೆ ಕಾಣುತ್ತಿರಲಿಲ್ಲ, ಹಾಗಾಗಿ ಎಂಜಿನ್ ನೋಡಿಕೊಂಡು ಇರಬಹುದಿತ್ತು. ಇಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಗುಡ್ಡದ ಆಚೆ ಅವಳಿರುವ ಬೆಟ್ಟದ ನೆತ್ತಿ ಕಾಣುತ್ತದೆ.

ಹೀಗೆ ಎರಡು ವರ್ಷ ಹೋಯಿತು. ಮೂರನೇ ಚಳಿಗಾಲದಲ್ಲಿ, ಒಂದು ಗುರುವಾರ ಮಧ್ಯಾಹ್ನ, ರಿಗೋಪೂಲಾ ಊಟಕ್ಕೆ ಮುಂಚೆ ಕುರ್ಚಿಯಲ್ಲೇ ತಲೆ ವಾಲಿಸಿ ಹೋಗಿಬಿಟ್ಟಳು. ನಮ್ಮಲ್ಲಿ ಮಾರನೇ ದಿನವೇ ಮಣ್ಣು. ಬರಬೇಡ, ಗಾಳಿಯ ಕಾಲ, ಬಂದರೆ ಹಿಂತಿರುಗಲು ಆಗದೆ ಹೋಗಬಹುದು ಎಂದು ನಿಕಿತಾಸ್ ಫೋನಿನಲ್ಲಿ ಹೇಳಿದ. ನನ್ನ ಮನೆಯಿಂದ ಹೊರಡೋ ಹೆಣ ನಾನಿಲ್ಲದೆ ಬಾಗಿಲು ದಾಟೋದಿಲ್ಲ ಎಂದು ಅವಳು ಫೋನ್ ಇಟ್ಟಳು. ಶುಕ್ರವಾರ ಬೆಳಿಗ್ಗೆ ಯಂತ್ರ ಮುಗಿಸಿಕೊಂಡು, ಕೈಗೆ ಕಟ್ಟಿದ ಪಟ್ಟಿಯ ಮೇಲೇ ಕಪ್ಪು ಕೋಟು ಹಾಕಿಕೊಂಡು ವಿಮಾನ ಹತ್ತಿ ಬಂದಳು.

ಬಂದವಳು ಮೊದಲು ಮುದುಕಿಯ ಕೂದಲು ಬಾಚಿದಳು. ನಾವು ಬಾಚಿದ್ದು ಅವಳಿಗೆ ಸರಿಬರಲಿಲ್ಲ, ಬೈತಲೆ ಎಡಕ್ಕೆ ಇರಬೇಕಿತ್ತಂತೆ. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಏನು ಹೇಳಿದೆ ಎಂದು ಆಮೇಲೆ ಕೇಳಿದೆ. ಎಲೆಸುತ್ತು ದಪ್ಪ ಆಗಿದ್ದಕ್ಕೆ ಕ್ಷಮಿಸು ಅಂದೆ ಎಂದು ಹೇಳಿ ಅತ್ತಳು. ಆ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅತ್ತೆಯ ಮಣ್ಣು ಮುಗಿಸಿ ಭಾನುವಾರದ ವಿಮಾನಕ್ಕೆ ಅವಳು ಮರಳಬೇಕಿತ್ತು. ಶನಿವಾರ ಸಂಜೆಯೇ ತೆಂಕಣ ಗಾಳಿ ಎದ್ದಿತು. ಭಾನುವಾರ ವಿಮಾನ ಬಂತು, ನಮ್ಮ ತಲೆಯ ಮೇಲೆ ಎರಡು ಸುತ್ತು ಹಾಕಿತು, ರೆಕ್ಕೆ ಓಲಾಡಿಸುತ್ತ ಕ್ರೀಟ್ ಕಡೆಗೆ ಹೋಯಿತು. ದೊಡ್ಡ ದೋಣಿ ನಮ್ಮ ಬಂದರಿಗೆ ಮುಖವನ್ನೇ ಹಾಕಲಿಲ್ಲ. ಸೋಮವಾರದ ಯಂತ್ರ ತಪ್ಪಿತು. ಆಸ್ಪತ್ರೆಯವರು ಫೋನ್ ಮಾಡಿ ಏನು ತಿನ್ನಬಾರದು, ಎಷ್ಟಕ್ಕಿಂತ ಹೆಚ್ಚು ಕುಡಿಯಬಾರದು ಎಂದು ಮತ್ತೆ ಹೇಳಿದರು. ಅವಳು ನಿಂಬೆಯ ಹೋಳು ಬಾಯಿಗಿಟ್ಟುಕೊಂಡು ಬಾಯಾರಿಕೆ ತಡೆದಳು. ಹೆಲಿಕಾಪ್ಟರ್ ಕೇಳಿದೆವು. ಈ ಗಾಳಿಗೆ ಅದೂ ಏಳುವುದಿಲ್ಲ ಎಂದರು. ನಿಕಿತಾಸ್ ಮೀನುಗಾರ ಸಕೆಲಾರಿಸ್‌ನ ಬಳಿ ಹೋಗಿ ಅವನ ದೋಣಿ ಕೇಳಿದ. ಸಕೆಲಾರಿಸ್ ಯಾವುದಕ್ಕೂ ಇಲ್ಲ ಎಂದವನಲ್ಲ. ಅವನು ನಿಕಿತಾಸ್‌ನನ್ನು ಧಕ್ಕೆಯ ತುದಿಗೆ ಕರೆದೊಯ್ದು ಕಡಲು ತೋರಿಸಿದ. ನೀನೇ ಹೇಳು, ನೀನೂ ಕಡಲಿನವನು ಎಂದ. ನಿಕಿತಾಸ್ ನೋಡಿ ಹಿಂತಿರುಗಿದ.

ಹೊರಗೆ ಅವನು ಹೀಗೆ ಒದ್ದಾಡುತ್ತಿರುವಾಗ ಸೆವಾಸ್ತಿ ಒಳಗೆ ನೆಮ್ಮದಿಯಾಗಿದ್ದಳು. ಇದನ್ನು ಹೇಳಲೇಬೇಕು. ಕಪಾಟುಗಳನ್ನು ತೆರೆದು ತನ್ನ ತಾಯಿಯ ತಟ್ಟೆಗಳನ್ನೆಲ್ಲ ಒರೆಸಿದಳು. ಅಂಗಳದ ಕಲ್ಲುಗಳ ನಡುವಿನ ಹುಲ್ಲನ್ನು ಕೂತಲ್ಲೇ ಕೂತು ಕಿತ್ತಳು. ದಣಿದಾಗ ಎತ್ತರದ ಮರದ ಮಂಚದ ಮೇಲೆ, ಅವಳು ಹುಟ್ಟಿದ ಮಂಚ ಅದು, ಒರಗಿಕೊಂಡು ಗಾಳಿಯ ಸದ್ದು ಕೇಳುತ್ತಿದ್ದಳು. ರಾತ್ರಿ ನಿಕಿತಾಸ್ ಅವಳ ಊದಿದ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ನಾನು ಸಾರು ಕೊಡಲು ಹೋದಾಗ ಇಬ್ಬರೂ ಯಾವುದೋ ಹಳೆಯ ಬಂದರಿನ ವಿಷಯ ಮಾತಾಡುತ್ತಿದ್ದರು. ಅಲ್ಲಿಂದ ಅವನು ಕಳಿಸಿದ್ದ ರೇಷ್ಮೆ ಬಟ್ಟೆ ತನಗೆ ಸ್ವಲ್ಪವೂ ಇಷ್ಟವಾಗಿರಲಿಲ್ಲ ಎಂದು ಅವಳು ಅಷ್ಟು ವರ್ಷದ ಮೇಲೆ ಹೇಳುತ್ತಿದ್ದಳು. ಅವನಿಗೆ ನಗು ನಿಲ್ಲುತ್ತಿರಲಿಲ್ಲ.

ಮಂಗಳವಾರ ರಾತ್ರಿ ಅವಳಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ಬೆಳಗು ಮಾಡಿದಳು. ಬುಧವಾರ ಬೆಳಿಗ್ಗೆ ಗಾಳಿ ತಗ್ಗಿತು. ವಿಮಾನ ಆವತ್ತು ಹಿಂದುಮುಂದಾಗಿ, ಮೊದಲು ಕ್ರೀಟ್‌ನಿಂದ ಹೊರಟು ನಮ್ಮಲ್ಲಿಗೆ ಬಂದು ಕಾರ್ಪಥೋಸ್‌ಗೆ ಹೋಗುತ್ತದೆ, ಆಚೆ ಆಂಬುಲೆನ್ಸ್ ನಿಂತಿರುತ್ತದೆ ಎಂದು ನಿಲ್ದಾಣದಿಂದ ಫೋನ್ ಬಂತು. ನಿಕಿತಾಸ್ ಓಡಾಡಿ ಅವಳ ಸಾಮಾನು ಚೀಲಕ್ಕೆ ತುಂಬಿದ. ನಾನು ಚಪ್ಪಲಿ ತೊಡಿಸಲು ಬಗ್ಗಿದೆ. ಅವಳು ಕಾಲು ಎಳೆದುಕೊಂಡಳು.

"ನಾನು ಬರಲ್ಲ," ಎಂದಳು.

ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಅವಳು ಇನ್ನೊಂದು ಸಲ ಹೇಳಿದಳು. ಮಾತು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು. "ಸಾಕಾಗಿದೆ ನನಗೆ. ಇಲ್ಲೇ ಇರ್ತೀನಿ. ಎಷ್ಟು ದಿನ ಆದ್ರೆ ಅಷ್ಟು."

ನಾನು ಏನೋ ಹೇಳಲು ಹೋದೆ. ಅವಳು ನನ್ನ ಕಡೆ ಒಂದು ನೋಟ ನೋಡಿದಳು, ನಾನು ಚಪ್ಪಲಿಯನ್ನು ಗೋಡೆಯ ಪಕ್ಕಕ್ಕಿಟ್ಟೆ. ನಿಕಿತಾಸ್ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟ. ಅವನು ಹೆಚ್ಚು ಮಾತಿನವನಲ್ಲ. ಎಂಜಿನ್ನಿನ ಗದ್ದಲದಲ್ಲಿ ಬದುಕಿದವರು ಹಾಗೇ, ಕೈಸನ್ನೆಯಲ್ಲಿ ಮುಗಿಸಿಬಿಡುತ್ತಾರೆ. ಅವನು ಮಂಚದ ಕೆಳಗೆ, ಅವಳ ಕಾಲಿನ ಹತ್ತಿರ ನೆಲದ ಮೇಲೆ ಕೂತ.

"ಒಂದು ಬೇಸಿಗೆ ಕೊಡು," ಎಂದ. "ಅಮ್ಮ ಹೋದಳು. ನನ್ನನ್ನ ಇಲ್ಲಿ ಹಿಡಿದಿಡೋರು ಇನ್ನು ಯಾರೂ ಇಲ್ಲ. ಇದೇ ವಿಮಾನಕ್ಕೆ ನಾನೂ ಬರ್ತೀನಿ, ಅಲ್ಲೇ ಇರ್ತೀನಿ. ನಮಗೆ ಒಟ್ಟಿಗೆ ಸಿಕ್ಕಿದ್ದು ಎರಡೇ ಬೇಸಿಗೆ, ಸೆವಾಸ್ತಿ. ಇನ್ನೊಂದು ಕೊಡು."

"ಆ ಸೂಜಿ ಎಷ್ಟು ದಪ್ಪ ಇರುತ್ತೆ, ಗೊತ್ತಾ ನಿನಗೆ?"

"ಗೊತ್ತು."

"ಗೊತ್ತಿಲ್ಲ."

"ಸರಿ. ಗೊತ್ತಿಲ್ಲ."

ಅವಳು ತುಂಬ ಹೊತ್ತು ಅವನ ತಲೆಯನ್ನೇ ನೋಡಿದಳು. ನೆತ್ತಿಯಲ್ಲಿ ಕೂದಲು ಉದುರಿ ಬಿಸಿಲಿಗೆ ಕಂದಿದ ತಲೆ. "ನೀನು ನನ್ನ ಹತ್ರ ಇದುವರೆಗೂ ಏನನ್ನೂ ಕೇಳಿದವನಲ್ಲ," ಎಂದಳು.

"ಈಗ ಕೇಳ್ತಿದೀನಿ."

ಅವಳು ನನ್ನ ಕಡೆ ತಿರುಗಿ, "ಕಾಲಿತ್ಸಾ, ಆ ಕೋಟು ಕೊಡು," ಎಂದಳು.

ಮನೆಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಆಡುಗಳನ್ನು ಸಕೆಲಾರಿಸ್‌ಗೆ ಒಪ್ಪಿಸಿದರು. ಅವಳನ್ನು ಕುರ್ಚಿ ಸಮೇತ ವಿಮಾನಕ್ಕೆ ಹತ್ತಿಸಿದೆವು. ನಿಕಿತಾಸ್ ತಾನು ಹುಟ್ಟಿದಾಗಿನಿಂದ ಅಷ್ಟು ದೂರದ ಪ್ರಯಾಣ ಮಾಡಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ಜೀವಮಾನವೆಲ್ಲ ಎಂಜಿನ್ನಿನ ಸದ್ದು ಕೇಳಿದ ಕಿವಿಗೆ ಆ ಐದು ನಿಮಿಷ ಅವಳ ಉಸಿರೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲವಂತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನು ಕಾಯುತ್ತಿದ್ದನಂತೆ.

ಅವಳು ಉಳಿದಳು. ಆಸ್ಪತ್ರೆಯಲ್ಲಿ ವಾರವಿಟ್ಟುಕೊಂಡು ಅರ್ಕಾಸಾಕ್ಕೆ ಕಳಿಸಿದರು. ಸತ್ತವರ ನೆನಪಿಗೆ ನಲವತ್ತನೇ ದಿನ ಕೊಡುವ ಗೋಧಿಯನ್ನು ಅವಳ ಅತ್ತೆಗಾಗಿ ನಾನೇ ಇಲ್ಲಿ ಬೇಯಿಸಿ ಹಂಚಿದೆ. ನಿಕಿತಾಸ್ ಥಿಯೋಪಿಯ ಮೇಲಿನ ಕೋಣೆಯಲ್ಲಿ ಅಡುಗೆ ಕಲಿತ. ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ಎರಡು ಸಲವೂ ನೀರು ಚೆಲ್ಲಬೇಕು, ಆಗಲೇ ಅವಳು ತಿನ್ನಬಹುದು. ಹಳೆಯದೊಂದು ಕಾರು ಕೊಂಡು ಅವಳನ್ನು ಬೆಟ್ಟ ದಾಟಿಸಿ ಪಿಗಾಡಿಯಾಗೆ ಒಯ್ದು, ಯಂತ್ರ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ದಾದಿಯರು ಅವನಿಗೆ ಕಾಫಿ ಕೊಡುವಷ್ಟು ಪರಿಚಯವಾದರು.

ಆಗಸ್ಟಿನಲ್ಲಿ, ಮೇರಿಮಾತೆಯ ಹಬ್ಬ ಕಳೆದ ಮೇಲೆ ಅಂಗಡಿ ಮುಚ್ಚಿ ನಾನು ಹೋಗಿಬಂದೆ. ಸೆವಾಸ್ತಿ ಅರ್ಧವಾಗಿದ್ದಳು. ಎಡತೋಳು ಯಂತ್ರದ ಸೂಜಿ ಚುಚ್ಚಿ ಚುಚ್ಚಿ ಮುಂಗೈಯಿಂದ ಮೊಣಕೈವರೆಗೆ ಗಂಟುಗಂಟಾಗಿ, ನೀಲಿಗಟ್ಟಿತ್ತು. ಅದರ ಮೇಲೆ ತೆಳ್ಳನೆ ಶಾಲು ಹೊದ್ದುಕೊಂಡಿದ್ದಳು. ನಿಕಿತಾಸ್ ಬ್ರೆಡ್ ತರಲು ಹೋದಾಗ ನಾವಿಬ್ಬರೂ ಜಗುಲಿಯಲ್ಲಿ ಕೂತೆವು. ಹೇಗಿದ್ದೀಯ ಎಂದು ಕೇಳಿದೆ.

"ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಇವನ ಮುಖ ನೋಡೋಕೂ ಮನಸ್ಸಾಗಲ್ಲ ಕಣೇ," ಎಂದಳು. "ಯಾಕೆ ಕೇಳಿದ ಇವನು, ಯಾಕೆ ಒಪ್ಪಿದೆ ನಾನು ಅಂತ ಮೈಯೆಲ್ಲ ಉರಿಯುತ್ತೆ. ಸಂಜೆ ಇಲ್ಲಿ ಬಂದು ಕೂತ್ಕೋತೀವಿ. ಇವನು ಆ ಬೆಂದ ಆಲೂಗಡ್ಡೆ ತಂದು ಮುಂದಿಡ್ತಾನೆ, ಉಪ್ಪಿಲ್ಲ, ರುಚಿ ಇಲ್ಲ, ಮಣ್ಣು ತಿಂದ ಹಾಗೆ. ಆಗ ಸಾಕು ಅನ್ನಿಸಲ್ಲ ನೋಡು. ಆಗ ಮಾತ್ರ ಸಾಕು ಅನ್ನಿಸಲ್ಲ."

ಕೆಳಗೆ ಬೀದಿಯಲ್ಲಿ ಅವನ ಕಾರಿನ ಸದ್ದು ಕೇಳಿಸಿತು. ಅವಳು ಶಾಲನ್ನು ತೋಳಿನ ಮೇಲೆ ಸರಿಮಾಡಿಕೊಂಡಳು.

ಸೆಪ್ಟೆಂಬರ್ ಕೊನೆಯಲ್ಲಿ ಅವಳ ಹೃದಯ ನಿಂತಿತು. ಆಸ್ಪತ್ರೆಯಲ್ಲೇ, ಯಂತ್ರದ ಪಕ್ಕದಲ್ಲೇ. ಅವನನ್ನು ಒಳಗೆ ಕರೆಯುವಷ್ಟೂ ಹೊತ್ತಾಗಲಿಲ್ಲ. ಆ ದಿನ ಒಂದಿಷ್ಟೂ ಗಾಳಿಯಿರಲಿಲ್ಲ, ವಿಮಾನ ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಯಿತು. ಅಷ್ಟು ಚಿಕ್ಕ ವಿಮಾನದ ಬಾಗಿಲಿಗೆ ಶವಪೆಟ್ಟಿಗೆ ಹಿಡಿಸುವುದಿಲ್ಲ. ದೊಡ್ಡ ದೋಣಿಗೆ ಇನ್ನೂ ದಿನವಿತ್ತು. ಸುದ್ದಿ ತಿಳಿದ ಕೂಡಲೇ ಸಕೆಲಾರಿಸ್ ಯಾರನ್ನೂ ಕೇಳದೆ ತನ್ನ ದೋಣಿಯಿಂದ ಬಲೆಗಳನ್ನು ಕೆಳಗಿಳಿಸಿ, ಹಲಗೆ ತೊಳೆದು, ಹೊರಟ. ಮಾರನೇ ದಿನ ಅವಳನ್ನು ಅದರಲ್ಲಿ ತಂದರು. ಕಡಲು ಎಣ್ಣೆಯ ಹಾಗೆ ಸಮನಾಗಿತ್ತು. ಬೆಳಿಗ್ಗೆ ಬಿಟ್ಟವರು ಮಧ್ಯಾಹ್ನಕ್ಕೆ ನಮ್ಮ ಬಂದರು ಮುಟ್ಟಿದರು. ದಾರಿಯಲ್ಲಿ ಒಂದು ಸಲ ವಿಮಾನ ಮೇಲೆ ಹಾದು ಹೋಯಿತಂತೆ. ನಿಕಿತಾಸ್ ತಲೆ ಎತ್ತಲಿಲ್ಲ ಎಂದು ಸಕೆಲಾರಿಸ್ ಹೇಳಿದ.

ಮನೆಯ ಬೀಗ ತೆಗೆದು, ಅದೇ ಮಂಚದ ಮೇಲೆ ಅವಳನ್ನು ಒಂದು ರಾತ್ರಿ ಮಲಗಿಸಿದೆವು. ತೋಳಿನ ಗಂಟುಗಳು ಕಾಣದಂತೆ ಉದ್ದ ತೋಳಿನ ಅಂಗಿ ತೊಡಿಸಿದೆ. ಕೂದಲು ಬಾಚುವಾಗ ಅವಳು ಬೈತಲೆ ಎಲ್ಲಿ ತೆಗೆಯುತ್ತಿದ್ದಳೆಂದು ನಿಕಿತಾಸ್‌ನನ್ನು ಕೇಳಿದೆ. ಅವನಿಗೆ ಗೊತ್ತಿತ್ತು.

ಮನೆ ಈಗ ಪಿರೇಯಸ್‌ನಲ್ಲಿರುವ ಅವಳ ತಂಗಿಯ ಮಗಳಿಗೆ ಸೇರಿದ್ದು. ದೊಡ್ಡಪ್ಪ ಇರುವಷ್ಟು ದಿನ ಇರಲಿ ಎಂದು ಆ ಹುಡುಗಿ ಹೇಳಿದಳು. ನಿಕಿತಾಸ್ ಅಲ್ಲೇ ಇದ್ದಾನೆ. ಸಕೆಲಾರಿಸ್‌ನಿಂದ ಆಡುಗಳನ್ನು ವಾಪಸು ತಂದು, ಸುಮಾರು ಒಂದು ತಿಂಗಳು ಅವುಗಳ ಹಿಂದೆಯೇ ಗುಡ್ಡ ಸುತ್ತಿದ. ಆಮೇಲೆ ಒಂದು ಬೆಳಿಗ್ಗೆ, ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಅಂಗಡಿಗೆ ಬಂದು ಕೂತ. ಕಾಫಿ ಇಟ್ಟೆ. ಮುಟ್ಟಲಿಲ್ಲ.

"ನಾನು ಕೇಳಬಾರದಿತ್ತು ಕಾಲಿತ್ಸಾ," ಎಂದ. "ಅವಳು ತನ್ನ ಮನೇಲಿದ್ದಳು. ತನ್ನ ಮಂಚದ ಮೇಲೆ. ನಾನು ಎಬ್ಬಿಸಿಕೊಂಡು ಹೋದೆ. ಆ ತೋಳು ನೋಡಿದೆಯಲ್ಲ ನೀನು."

ನೋಡಿದ್ದೆ. ಅವಳಿಗೆ ನೋವಾಗುತ್ತಿತ್ತು, ಬೆಳಿಗ್ಗೆ ಹೊತ್ತು ನಿನ್ನ ಮೇಲೆ ಸಿಟ್ಟೂ ಇತ್ತು ಎಂದು ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವನು ತಲೆಯಾಡಿಸಿದ, ಅದು ತನಗೆ ಗೊತ್ತಿದ್ದದ್ದೇ ಎಂಬ ಹಾಗೆ. ಆಮೇಲೆ ಸಂಜೆಯ ಮಾತನ್ನೂ, ಆಗಸ್ಟಿನಲ್ಲಿ ಜಗುಲಿಯ ಮೇಲೆ ಅವಳು ಹೇಳಿದ್ದನ್ನು, ಅವಳ ಮಾತಿನಲ್ಲೇ ಹೇಳಿದೆ. ಉಪ್ಪಿಲ್ಲದ ಆಲೂಗಡ್ಡೆಯನ್ನು ಮಣ್ಣಿಗೆ ಹೋಲಿಸಿದ್ದನ್ನೂ ಬಿಡಲಿಲ್ಲ.

ಅವನು ಬಟ್ಟಲನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. "ಏನಂದಳು? ಇನ್ನೊಂದು ಸಲ ಹೇಳು," ಎಂದ.

ಮತ್ತೆ ಹೇಳಿದೆ. ಅವನು ಅಳುತ್ತಿದ್ದ. ನಾನು ಬೇರೆ ಮೇಜುಗಳನ್ನು ಒರೆಸುತ್ತ ಅವನಿಗೆ ಬೆನ್ನು ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಆಡುಗಳು ಇನ್ನೂ ಕಟ್ಟಿಹಾಕಿದಲ್ಲೇ ಇವೆ, ಬಿಡಬೇಕು ಎಂದು ಎದ್ದು ಹೋದ.